ಜಾಫ್ನಾಕ್ಕೆ ಹೋದ ಅಣ್ಣನ ಸೈಕಲ್ಲು

ಗದ್ವಾಲ್

ವಿಮಾನದವರ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಆರುವ ಮೊದಲೇ ಬರೆದುಬಿಡಬೇಕೆಂದು ಕೂತಿದ್ದೇನೆ. ನಾನು ತೆಲಂಗಾಣದ ಮಕ್ತಲ್‌ನವಳು, ಕೃಷ್ಣಾ ಮಂಡಲದ ಒಂದು ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ತೂಕ ಎಂದು ಯಾರಾದರೂ ಬರೆದು ತೋರಿಸಿದರೆ ಅದನ್ನು ನಂಬುವುದು ನನ್ನ ಕಸುಬು. ನಂಬಿಯೇ ಹೊರಟೆವು.

ಹೊರಟದ್ದು ನಾನು ಮತ್ತು ನಮ್ಮಣ್ಣ ವೀರಣ್ಣ. ಅವನಿಗೆ ಗದ್ವಾಲಿನಲ್ಲಿ ಸೈಕಲ್ ರಿಪೇರಿ ಅಂಗಡಿ. ಮೂರನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಎಡಗಾಲು ಬಡವಾಯಿತು. ಈಗ ಐವತ್ನಾಲ್ಕು. ಕೋಲು ಹಿಡಿದು ನಡೆಯುತ್ತಾನೆ. ಅಂಗಡಿಯಿಂದ ಎದುರಿನ ಹೋಟೆಲಿಗೆ ಹೋಗಿ ಕೂಡುವಷ್ಟರಲ್ಲಿ ಅವನಿಗೆ ಹೇಳಿದ ಚಹಾ ತಣ್ಣಗಾಗಿರುತ್ತದೆ. ಆದರೆ ಸೈಕಲ್ ಹತ್ತಿದನೆಂದರೆ ಎಲ್ಲರ ಹಾಗೆಯೇ ಹೋಗುತ್ತಾನೆ. ಆ ಸೈಕಲ್ಲನ್ನು ಹದಿನೈದರ ವಯಸ್ಸಿನಲ್ಲಿ ಅವನೇ ಮಾಡಿಕೊಂಡದ್ದು. ಬಲಗಾಲನ್ನು ಪೆಡಲಿಗೆ ಚರ್ಮದ ಪಟ್ಟಿಯಿಂದ ಕಟ್ಟುತ್ತಾನೆ; ಹಾಗಾಗಿ ಅದೇ ಕಾಲು ಕೆಳಗೆ ತುಳಿಯುತ್ತದೆ, ಮೇಲಕ್ಕೂ ಎಳೆಯುತ್ತದೆ. ಎಡಗಡೆ ಪೆಡಲೇ ಇಲ್ಲ. ಅಲ್ಲಿಯ ಕಬ್ಬಿಣದ ತೋಳನ್ನು ಮೋಟು ಮಾಡಿ ತುದಿಗೊಂದು ಗುಂಡು ಬೆಸೆದಿದ್ದಾನೆ. ತುಳಿದ ಕಾಲು ತಳ ಮುಟ್ಟಿದಾಗ ಆ ಗುಂಡಿನ ಭಾರ ಚಕ್ರವನ್ನು ಮುಂದಕ್ಕೆ ದಾಟಿಸುತ್ತದೆ. ಎಡಗಾಲಿಗೆ ಚೌಕಟ್ಟಿನ ಮೇಲೆ ಒಂದು ಆಸರೆ. ಇಷ್ಟರ ಮೇಲೆ ಪ್ರತಿ ಭಾನುವಾರ ಜೂರಾಲ ಡ್ಯಾಮಿನವರೆಗೆ ಹೋಗಿ ಬರುತ್ತಾನೆ. ಕಟ್ಟೆಯ ಮೇಲೆ ಮೀನು ತಿನ್ನಲು ಬಂದವರ ಮೋಟರ್‌ಸೈಕಲ್ಲುಗಳ ನಡುವೆ ಅದನ್ನು ನಿಲ್ಲಿಸಿ ನೀರು ನೋಡುತ್ತ ಕೂಡುತ್ತಾನೆ.

ನನ್ನ ಮಗಳು ಆ ಸೈಕಲ್ಲಿನ ವಿಡಿಯೊ ಮಾಡಿ ಫೋನಿನಲ್ಲಿ ಹಾಕಿದಳು. ತಿಂಗಳ ಮೇಲೆ ಶ್ರೀಲಂಕಾದ ಜಾಫ್ನಾದಿಂದ ಒಂದು ಕಾಗದ ಬಂತು, ಇಂಗ್ಲಿಷಿನಲ್ಲಿ. ಬರೆದವನು ಕನಗರತ್ನಂ, ಅವನೂ ಸೈಕಲ್ ರಿಪೇರಿಯವನು. ಅವನ ತಂಗಿ ಸೆಲ್ವಿ ಹದಿನೇಳರ ವಯಸ್ಸಿನಲ್ಲಿ ಯುದ್ಧದ ಕಾಲದ ನೆಲಬಾಂಬಿನ ಮೇಲೆ ಕಾಲಿಟ್ಟಿದ್ದಳು. ಬಲಗಾಲು ಮೊಣಕಾಲಿನಿಂದ ಹೋಗಿತ್ತು. ಈಗ ಹಾಕಿಕೊಂಡಿರುವ ಕೃತಕ ಪಾದ ಪೆಡಲಿನ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ನಿಮ್ಮ ಅಣ್ಣನವರದಂಥ ಸೈಕಲ್ಲು ಹೇಗೆ ಮಾಡುವುದು ಎಂದು ಕೇಳಿದ್ದ.

ಎರಡು ತಿಂಗಳು ಫೋನಿನಲ್ಲೇ ಹೇಳಿಕೊಟ್ಟದ್ದಾಯಿತು. ಅಣ್ಣ ಹೇಳುವುದು, ನಾನು ಇಂಗ್ಲಿಷಿಗೆ ತಿರುಗಿಸುವುದು, ಅವನು ಮಾಡುವುದು. ಎರಡು ಸಲ ಮಾಡಿದ, ಎರಡು ಸಲವೂ ಪೆಡಲು ತಳಕ್ಕೆ ಬಂದು ನಿಂತುಬಿಟ್ಟಿತು. ಎರಡನೆಯ ಸಲ ಸೆಲ್ವಿ ಬಿದ್ದು ಮೊಣಕೈ ತರಚಿಕೊಂಡಳಂತೆ.

ಅಣ್ಣ ಫೋನು ಇಟ್ಟ. ಆಮೇಲೆ ಹೇಳಿದ: “ಕೈಗೆ ಗೊತ್ತಿರೋದು ಬಾಯಿಗೆ ಬರಂಗಿಲ್ಲ, ಗಂಗೂ. ಹೋಗಬೇಕು.”

ಅಲ್ಲಿಂದ ಶುರುವಾಯಿತು ನನ್ನ ನಿಯಮಗಳ ಓದು. ವಿಮಾನದವರು ತಮ್ಮ ಪುಟದಲ್ಲಿ ಒಬ್ಬರಿಗೆ ಇಷ್ಟು ಕಿಲೊ, ಪೆಟ್ಟಿಗೆಯ ಮೂರೂ ಬದಿ ಕೂಡಿಸಿದರೆ ಇಷ್ಟು ಎಂದು ಬರೆದಿದ್ದರು. ನಾನು ಅದನ್ನು ಪರೀಕ್ಷೆಗೆ ಓದಿದ ಹಾಗೆ ಓದಿದೆ. ಸೈಕಲ್ಲಿನ ಗಾಲಿ ಬಿಚ್ಚಿಟ್ಟರೂ ಚೌಕಟ್ಟು ಆ ಅಳತೆಯಲ್ಲಿ ಕೂಡುತ್ತಿರಲಿಲ್ಲ. ಅಣ್ಣ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಹ್ಯಾಕ್ಸಾ ತೆಗೆದುಕೊಂಡು, ಮೂವತ್ತೊಂಬತ್ತು ವರ್ಷ ತನ್ನನ್ನು ಹೊತ್ತ ಸೈಕಲ್ಲನ್ನು ಎರಡು ತುಂಡು ಮಾಡಿದ. ನೋಡಲಾಗದೆ ನಾನು ಒಳಗೆ ಹೋದೆ. ಸಂಜೆಗೆ ಎರಡೂ ತುಂಡಿಗೆ ಒಳಕೊಳವೆ ಕೂಡಿಸಿ, ಬೋಲ್ಟು ಬಿಗಿದರೆ ಒಂದಾಗುವ ಹಾಗೆ ಮಾಡಿದ್ದ. ಪ್ಲೈವುಡ್ಡಿನ ಪೆಟ್ಟಿಗೆ ಹೊಡೆದ. ಟೇಪು ಹಿಡಿದು ಮೂರು ಸಲ ಅಳೆದೆ. ಹತ್ತಿ ವ್ಯಾಪಾರದವರ ಕಾಟಾದ ಮೇಲೆ ತೂಗಿಸಿದೆವು. ಉದ್ದ, ಅಗಲ, ಎತ್ತರ, ತೂಕ ಎಲ್ಲವೂ ಅವರು ಹಾಕಿದ ಗೆರೆಯೊಳಗೆ. ಇನ್ನೇನು ಕೇಳಿಯಾರು ಎಂದುಕೊಂಡೆ.

ರೈಲಿನಲ್ಲಿ

ರಾಯಚೂರಿನಿಂದ ಚೆನ್ನೈಗೆ ರೈಲು. ಪೆಟ್ಟಿಗೆ ನಮ್ಮ ಸೀಟಿನ ಪಕ್ಕದಲ್ಲಿ ನಿಂತಿತ್ತು. ಟಿಕೆಟ್ ನೋಡಲು ಬಂದ ಟಿ.ಸಿ. ಇದರಲ್ಲಿ ಏನು ಎಂದು ಕೇಳಿದರು. ಸೈಕಲ್ ಎಂದೆ. ಅವರು ಅದರ ಮೇಲೆ ಕೂತು ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ನಮ್ಮ ಜೋಳದ ರೊಟ್ಟಿ ಶೇಂಗಾ ಹಿಂಡಿ ಅರ್ಧ ತಿಂದು, ಪೆಟ್ಟಿಗೆ ಗಟ್ಟಿಯಾಗಿದೆ ಎಂದು ಹೊಗಳಿ ಎದ್ದುಹೋದರು. ರೈಲಿನ ಬಗ್ಗೆ ನಾವು ಎಷ್ಟು ಗೊಣಗುತ್ತೇವೆ. ಆ ಮಾತುಗಳನ್ನೆಲ್ಲ ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಚೆನ್ನೈ

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ನಗುನಗುತ್ತ ಮಾತಾಡಿಸಿದಳು. ಪೆಟ್ಟಿಗೆಯನ್ನು ತೂಗಿದಳು, ಸರಿಯಿತ್ತು. ಅಳೆದಳು, ಸರಿಯಿತ್ತು. ಲೇಬಲ್ ಅಂಟಿಸಲು ಕೈ ಎತ್ತಿದವಳು ಒಳಗೇನಿದೆ ಎಂದು ಕೇಳಿದಳು. ಸೈಕಲ್ ಎಂದೆ. ಎತ್ತಿದ ಕೈ ಅಲ್ಲೇ ನಿಂತಿತು.

ಸೈಕಲ್ಲಿಗೆ ಬೇರೆ ಫೀಸು ಇದೆಯಂತೆ. ಎಷ್ಟೆಂದು ಹೇಳಿದಳು. ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮತ್ತೆ ರಕ್ತದೊತ್ತಡ ಏರುತ್ತದೆ. ನಮ್ಮಿಬ್ಬರಲ್ಲಿ ಒಬ್ಬರ ಟಿಕೆಟ್ಟಿಗಿಂತ ಅದು ಹೆಚ್ಚು ಎಂದಷ್ಟೇ ಹೇಳುತ್ತೇನೆ. ತೂಕ ನಿಮ್ಮ ಮಿತಿಯೊಳಗಿದೆಯಲ್ಲ ಎಂದೆ. ಇದೆ ಎಂದಳು. ಅಳತೆ? ಅದೂ ಇದೆ. ಹಾಗಾದರೆ ಹೆಚ್ಚು ಕೊಡುವುದು ಯಾವುದಕ್ಕೆ? ಅದು ಸೈಕಲ್ ಆಗಿರುವುದಕ್ಕೆ. ಸೈಕಲ್ ಎಂದರೆ ಆಟದ ಸಾಮಾನು, ಆಟದ ಸಾಮಾನಿಗೆ ಬೇರೆ ದರ.

ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಯಾರೋ ನಾಲ್ವರು ಶವಪೆಟ್ಟಿಗೆಯಷ್ಟು ಉದ್ದದ ಕ್ರಿಕೆಟ್ ಚೀಲಗಳನ್ನು ಎತ್ತಿ ಇಟ್ಟರು. ಚೀಲಗಳು ಒಂದರ ಹಿಂದೊಂದು ಪಟ್ಟಿಯ ಮೇಲೆ ಸಾಗಿ ಒಳಗೆ ಹೋದವು. ಯಾರೂ ಏನೂ ಕೇಳಲಿಲ್ಲ. ಅದು ಆಟವಲ್ಲವೇ ಎಂದು ನಾನು ಕೇಳಿದೆ. ಅದಕ್ಕೆ ಬೇರೆ ನಿಯಮವಂತೆ.

ಅವಳ ಮೇಲಧಿಕಾರಿ ಬಂದರು. ಆತ ಕೆಟ್ಟ ಮನುಷ್ಯನಲ್ಲ. ಇದೇ ನನ್ನನ್ನು ಇನ್ನೂ ಉರಿಸುತ್ತದೆ. ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ನಾನು ಅಣ್ಣನ ಕಾಲು ತೋರಿಸಿ, ಇದು ಆಟದ ಸಾಮಾನಲ್ಲ, ಇವನ ಕಾಲು ಎಂದೆ. ಅಣ್ಣನ ಅಂಗವಿಕಲರ ಬಸ್ ಪಾಸು ತೋರಿಸಿದೆ. ಆತ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಸೈಕಲ್ಲಿನ ಮಾತಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ ಒಂದು ದಾರಿ ಹೇಳಿದರು. ಗಾಲಿಕುರ್ಚಿಯ ಪ್ರಯಾಣಿಕರು ತಮ್ಮ ಓಡಾಟದ ಸಾಧನ ಒಯ್ದರೆ ಫೀಸಿಲ್ಲ. ನಿಮ್ಮ ಅಣ್ಣನವರನ್ನು ಗಾಲಿಕುರ್ಚಿಯವರೆಂದು ಬರೆದುಕೊಳ್ಳುತ್ತೇನೆ, ಸೈಕಲ್ಲನ್ನು ಸಾಧನವೆಂದು ಬರೆಯುತ್ತೇನೆ. ಆದರೆ ಅವರು ಇಲ್ಲಿಂದ ವಿಮಾನದ ಬಾಗಿಲಿನವರೆಗೆ ಕುರ್ಚಿಯಲ್ಲೇ ಕೂತಿರಬೇಕು. ಎದ್ದು ನಡೆದರೆ ಬರೆದದ್ದು ಸುಳ್ಳಾಗುತ್ತದೆ.

ನನಗೆ ಇದು ದೇವರೇ ಕೊಟ್ಟ ದಾರಿ ಎನಿಸಿತು. ಅಣ್ಣನಿಗೆ ಹೇಳಿದೆ. ಅರ್ಧ ತಾಸಿನ ಮಾತು, ಕೂತುಬಿಡು, ಇಲ್ಲಿ ನಮ್ಮನ್ನು ಬಲ್ಲವರು ಯಾರಿದ್ದಾರೆ ಎಂದೆ.

ಅವರು ತಂದು ನಿಲ್ಲಿಸಿದ ಕುರ್ಚಿಯನ್ನು ಅಣ್ಣ ನೋಡಿದ. ಅದರ ಗಾಲಿಯನ್ನು ಕೋಲಿನಿಂದ ಮುಟ್ಟಿದ, ರಿಪೇರಿಗೆ ಬಂದ ಸಾಮಾನು ನೋಡುವ ಹಾಗೆ.

“ಅವ್ವನ ಸೊಂಟದ ಮ್ಯಾಲಿಂದ ಇಳದ ಮ್ಯಾಲೆ ನನ್ನ ಯಾರೂ ಒಯ್ದಿಲ್ಲ,” ಎಂದ. “ನಡಿಯಾಕ ಬರತೈತಿ ನನಗ. ಬರಂಗಿಲ್ಲ ಅಂತ ಬರದು ಕೊಡು ಅಂತಿಯೇನು?”

“ರೊಕ್ಕ ಉಳಿತಾವ ಅಣ್ಣ.”

“ಉಳಿತಾವ. ಮತ್ತ ನಾ?”

ಜಾಫ್ನಾದ ಖರ್ಚಿಗೆಂದು ಎತ್ತಿಟ್ಟದ್ದನ್ನು ತೆಗೆದು ಅವನೇ ಕೊಟ್ಟ. ನಾನು ಕೊಡಲು ಹೋದರೆ ಕೈ ತಡೆದ. ಆಮೇಲೆ ಇನ್ನೊಂದು ಕಾಗದ ಬಂತು. ಸಾಗಿಸುವಾಗ ಸೈಕಲ್ಲಿಗೆ ಏನಾದರೂ ಆದರೆ ಕಂಪನಿ ಹೊಣೆಯಲ್ಲವೆಂದು ಸಹಿ ಮಾಡಬೇಕು. ಅಂದರೆ ಬೇರೆ ಸಾಮಾನಿಗಿಂತ ಹೆಚ್ಚು ಕೊಟ್ಟಿದ್ದೇವೆ, ಅದಕ್ಕೇ ಕಡಿಮೆ ಜವಾಬ್ದಾರಿ. ನಮ್ಮ ಗದ್ವಾಲಿನ ಲಾರಿಯವನು ಹೀಗೆ ಕೇಳಿದ್ದರೆ ಅವನ ಲಾರಿಯ ಗಾಳಿ ಇಳಿಯುತ್ತಿತ್ತು. ಅಣ್ಣ ಸಹಿ ಮಾಡಿದ.

ಒಳಗೆ ಗೇಟಿಗೆ ಬಹಳ ದೂರ. ನಾನು ಸಿಟ್ಟಿನಲ್ಲಿ ಮುಂದೆ ಮುಂದೆ ನಡೆದೆ. ವಿಮಾನದವರ ಮೇಲೆ ಸಿಟ್ಟು ಎಂದುಕೊಂಡಿದ್ದೆ, ಆದರೆ ಅದರಲ್ಲಿ ಅಣ್ಣನ ಪಾಲೂ ಇತ್ತು. ಅರ್ಧ ತಾಸು ಕೂತಿದ್ದರೆ ಏನಾಗುತ್ತಿತ್ತು ಎಂದು ಹಲ್ಲು ಕಚ್ಚಿದ್ದೆ. ಅವನು ಬಹಳ ಹೊತ್ತಿನ ಮೇಲೆ ಬೆವೆತು ಬಂದು ಪಕ್ಕದಲ್ಲಿ ಕೂತ.

ಪಲಾಲಿ

ಜಾಫ್ನಾದ ವಿಮಾನ ನಿಲ್ದಾಣಕ್ಕೆ ಪಲಾಲಿ ಎಂದು ಹೆಸರು. ನಮ್ಮ ಮಕ್ತಲ್ ಬಸ್‌ಸ್ಟ್ಯಾಂಡು ಇದಕ್ಕಿಂತ ಗದ್ದಲದ್ದು. ಸುತ್ತ ಸೈನ್ಯದ ಜಾಗ, ಕೆಂಪು ಮಣ್ಣು, ತಾಳೆಮರಗಳು. ಪೆಟ್ಟಿಗೆ ಬಂತು, ಆದರೆ ಒಂದು ಮೂಲೆ ಒಳಕ್ಕೆ ಹೋಗಿತ್ತು. ಮುಚ್ಚಳ ತೆಗೆದರೆ ಮುಂದಿನ ಗಾಲಿ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸೊಟ್ಟಗಾಗಿತ್ತು. ನಾನು ಅಲ್ಲಿದ್ದ ನೌಕರನ ಮುಂದೆ ಎರಡು ದೇಶಗಳಿಗೂ ಕೇಳುವ ಹಾಗೆ ಮಾತಾಡಿದೆ. ಅಣ್ಣ ಸಹಿ ಮಾಡಿದ್ದ ಕಾಗದವನ್ನು ಆತ ತೋರಿಸಿದ.

ಹೊರಗಿನ ಗೇಟಿನಲ್ಲಿ ಕನಗರತ್ನಂ ಒಂದು ಆಟೊ ತಂದು ಕಾಯುತ್ತಿದ್ದ. ಐವತ್ತರ ಆಸುಪಾಸಿನ ಕಪ್ಪು, ತೆಳ್ಳನೆಯ ಮನುಷ್ಯ, ಉಗುರಿನಲ್ಲಿ ಗ್ರೀಸು. ನಮಸ್ಕಾರ ಮಾಡಿದ, ಆದರೆ ಅವನ ಕಣ್ಣು ಗಾಲಿಯ ಮೇಲೆ. ಅಣ್ಣ ಅದನ್ನು ಅವನ ಕೈಗೆ ಕೊಟ್ಟ. ಅವನು ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಎಲ್ಲಿ ಸೊಟ್ಟ ಇದೆಯೋ ಅಲ್ಲಿ ಹೆಬ್ಬೆರಳಿಟ್ಟ. ಅಣ್ಣನೂ ಅಲ್ಲೇ ಹೆಬ್ಬೆರಳಿಟ್ಟ. ಅವರಿಬ್ಬರ ಪರಿಚಯ ಆದದ್ದು ಹೀಗೆ.

ಜಾಫ್ನಾ

ಅಣ್ಣನಿಗೆ ಇಂಗ್ಲಿಷ್ ಬಾರದು, ತಮಿಳು ಬಾರದು. ಕನಗರತ್ನಂಗೆ ಕನ್ನಡ, ತೆಲುಗು, ನಮ್ಮ ಕಡೆಯ ಉರ್ದು ಯಾವುದೂ ಬಾರದು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಆಡಿ ಬೆಳೆದ ನಮಗೆ ಎರಡು ಭಾಷೆಯ ನಡುವೆ ಬಾಳುವುದು ಹೊಸದಲ್ಲ. ಆದರೂ ಇವರಿಬ್ಬರ ಮಾತು ನೋಡಿ ನನಗೆ ಆಶ್ಚರ್ಯವಾಗುತ್ತಿತ್ತು. ರಿಮ್ಮು, ಸ್ಪೋಕು, ಚೈನು, ಫೋರ್ಕು ಎರಡೂ ಕಡೆ ಒಂದೇ. ಕಾಲು ನಮಗೂ ಕಾಲೇ, ಅವರಿಗೂ ಕಾಲೇ. ಮೊದಲ ದಿನ ಸಂಜೆಯ ಹೊತ್ತಿಗೆ ನನ್ನ ಅನುವಾದ ಅವರಿಗೆ ಅಡ್ಡಿಯಾಗತೊಡಗಿತು. ಅಣ್ಣ ನನ್ನನ್ನು ಊರು ನೋಡಿಕೊಂಡು ಬಾ ಎಂದು ಕಳಿಸಿದ.

ಊರಲ್ಲಿ ಎಲ್ಲಿ ನೋಡಿದರೂ ಸೈಕಲ್ಲು. ನಮ್ಮಲ್ಲಿ ಮಗನಿಗೊಂದು ಮೋಟರ್‌ಸೈಕಲ್ ಬಂದ ದಿನ ಮನೆಯ ಸೈಕಲ್ಲು ಹಿತ್ತಲಿನ ಗೋಡೆಗೆ ಒರಗುತ್ತದೆ, ಮರುವರ್ಷ ಅದರ ಮೇಲೆ ಕುಂಬಳದ ಬಳ್ಳಿ. ಇಲ್ಲಿ ಬರಿಮೈಯ ಅರ್ಚಕರು ಸೈಕಲ್ಲಿನ ಮೇಲೆ ಪೂಜೆಗೆ ಹೋಗುತ್ತಾರೆ. ಬಿಳಿ ಬಟ್ಟೆಗೆ ಟೈ ಕಟ್ಟಿದ ಹುಡುಗಿಯರು ಸಾಲಾಗಿ ಶಾಲೆಗೆ ಹೋಗುತ್ತಾರೆ. ಎಪ್ಪತ್ತರ ಅಜ್ಜಿಯೊಬ್ಬರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು ಮೀನು ತರಲು ಹೋದದ್ದು ನೋಡಿ ನಾನು ದಾರಿಯಲ್ಲೇ ನಿಂತುಬಿಟ್ಟೆ. ನನ್ನ ವಯಸ್ಸಿನ ಹೆಂಗಸು ಮಕ್ತಲ್ ಬಜಾರಿನಲ್ಲಿ ಸೈಕಲ್ ಹೊಡೆದರೆ ವಾರವಿಡೀ ಅದೇ ಮಾತು. ಇಂಥ ಊರಲ್ಲಿ ಹದಿನೇಳರಿಂದ ಇಲ್ಲಿಯವರೆಗೆ ಸೈಕಲ್ ಹತ್ತದೆ ಇರುವುದೆಂದರೆ ಏನು ಎಂಬುದು ಆಗ ಹೊಳೆಯಿತು.

ಸೆಲ್ವಿ ನನ್ನ ಓರಗೆಯವಳು. ಮನೆಯಲ್ಲೇ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ಇಂಗ್ಲಿಷ್ ಬಲ್ಲಳು, ತಾಯಿಯ ಮಾತನ್ನು ನನಗೆ ತಿರುಗಿಸಿ ಹೇಳುವವಳೂ ಅವಳೇ; ತನ್ನ ಮಾತು ಮಾತ್ರ ಕಡಿಮೆ. ನಾನು ಒಯ್ದಿದ್ದ ನಾರಾಯಣಪೇಟೆ ಸೀರೆಯನ್ನು ಅವಳ ತಾಯಿ ತೊಡೆಯ ಮೇಲೆ ಹರಡಿಕೊಂಡು, ಅಂಚಿನ ಗೋಪುರಗಳನ್ನು ಬೆರಳಿನಿಂದ ಎಣಿಸಿ, ಇದು ನಮ್ಮ ಕೋವಿಲಿನ ಹಾಗೆಯೇ ಇದೆ ಎಂದರು. ಸೆಲ್ವಿ ಮಾತ್ರ ಸೀರೆಯ ಹಿಂಬದಿ ತಿರುಗಿಸಿ ನೇಯ್ಗೆ ನೋಡಿದಳು. ಆ ಮನೆಯವರಿಗೆ ಅಡುಗೆಯದೇ ಚಿಂತೆ. ಬೆಳಿಗ್ಗೆ ಅಕ್ಕಿಹಿಟ್ಟು ಹಬೆಯಲ್ಲಿ ಬೇಯಿಸಿದ ಪುಟ್ಟು, ಸಂಜೆ ಪುಟ್ಟು, ತೆಂಗಿನಕಾಯಿ ಹಾಲಿನ ಸಾರು. ಅಣ್ಣ ಮೂರನೆಯ ದಿನಕ್ಕೆ ಗಂಟಿನಲ್ಲಿ ಉಳಿದಿದ್ದ ಒಣ ರೊಟ್ಟಿ ತೆಗೆದ. ತಾಯಿ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದು, ಇದು ತಿಂದರೆ ಹಲ್ಲು ಗಟ್ಟಿಯಾಗುತ್ತದೋ ಉದುರುತ್ತದೋ ಎಂದು ಕೇಳಿದರಂತೆ. ಸೆಲ್ವಿ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ.

ಕೆಲಸ ಮಾತ್ರ ನಡೆಯುತ್ತಲೇ ಇತ್ತು. ಮೊದಲು ಇಬ್ಬರೂ ಸೇರಿ ನಮ್ಮ ಸೊಟ್ಟ ಗಾಲಿಯನ್ನು ನೆಟ್ಟಗೆ ಮಾಡಿದರು, ಒಂದೊಂದೇ ಕಡ್ಡಿ ಬಿಗಿ ಮಾಡುತ್ತ, ಸಡಿಲ ಮಾಡುತ್ತ. ಆಮೇಲೆ ಅಣ್ಣ ತನ್ನ ಸೈಕಲ್ಲನ್ನು ಜೋಡಿಸಿ ತಲೆಕೆಳಗು ನಿಲ್ಲಿಸಿ, ಕನಗರತ್ನಂನ ಬೆರಳನ್ನು ಆ ಗುಂಡಿನ ಮೇಲಿಟ್ಟು ಪೆಡಲನ್ನು ತಿರುಗಿಸಿದ. ಚಕ್ರ ತಳ ದಾಟುವಾಗ ಆ ಭಾರ ಎಳೆಯುವುದು ಅವನ ಬೆರಳಿಗೆ ಗೊತ್ತಾಯಿತು. ಎರಡು ತಿಂಗಳು ಫೋನಿನಲ್ಲಿ ಹೇಳಿದ್ದು ಅಲ್ಲಿ ಒಂದು ಕ್ಷಣದಲ್ಲಿ ತಿಳಿಯಿತು. ಅವನು ಹಣೆ ಬಡಿದುಕೊಂಡ. ಅವನ ಗುಂಡು ಭಾರದಲ್ಲಿ ಸರಿಯಿತ್ತು, ಆದರೆ ಜಾಗ ತಪ್ಪಿತ್ತು.

ಒಂದು ಮಾತು ಹೇಳಲೇಬೇಕು. ಆ ಸೈಕಲ್ಲು ಜಾಫ್ನಾಕ್ಕೆ ಬರದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಅದನ್ನೇ ಆ ಕಂಪನಿ ಆಟದ ಸಾಮಾನು ಎಂದದ್ದು.

ಸೆಲ್ವಿ ಹೋದ ದಾರಿ

ಐದನೆಯ ದಿನ ಬೆಳಿಗ್ಗೆ ಸೆಲ್ವಿಯ ಸೈಕಲ್ಲು ಸಿದ್ಧವಾಯಿತು. ಕನಗರತ್ನಂ ಅಂಗಡಿಯಲ್ಲಿದ್ದ ಹಳೆಯ ಬ್ರಿಟಿಷರ ಕಾಲದ ಚೌಕಟ್ಟು, ಅದಕ್ಕೆ ಎಡಗಾಲಿಗೆ ಹೊಸ ಪಟ್ಟಿ, ಹೊಸ ಗುಂಡು, ಬಲಗಡೆ ಚೌಕಟ್ಟಿನ ಮೇಲೆ ಕೃತಕ ಪಾದ ಕೂಡುವಂಥ ಕಬ್ಬಿಣದ ಬಟ್ಟಲು. ಕನಗರತ್ನಂ ಹಿಂದಿನಿಂದ ಸೀಟು ಹಿಡಿದು ಓಡಲು ನಿಂತ. ಅಣ್ಣ ಅವನ ಕೈಯನ್ನು ಕೋಲಿನಿಂದ ಮೆಲ್ಲಗೆ ಬಿಡಿಸಿದ.

“ಹಿಡಿಬ್ಯಾಡ್ರಿ,” ಎಂದ ಕನ್ನಡದಲ್ಲೇ. “ಹಿಡದ್ರ ಆಕಿಗೆ ಭಾರ ತಿಳಿಯಂಗಿಲ್ಲ.”

ಸೆಲ್ವಿ ಹತ್ತಿದಳು. ಓಣಿಯ ಬೇಲಿಯವರೆಗೆ ಅಲುಗಾಡುತ್ತ ಹೋದಳು. ತಿರುವಿನಲ್ಲಿ ಕಾಲೂರುತ್ತಾಳೆ ಎಂದುಕೊಂಡೆವು, ಊರಲಿಲ್ಲ. ತಿರುಗಿದಳು. ಕಾಣದಾದಳು.

ಹತ್ತು ನಿಮಿಷ ಕಾದೆವು. ಕಾಲು ತಾಸಾಯಿತು. ತಾಯಿ ದೇವರ ಹೆಸರು ಹೇಳತೊಡಗಿದರು. ಕನಗರತ್ನಂ ತನ್ನ ಸೈಕಲ್ ತೆಗೆದುಕೊಂಡು ಒಂದು ದಿಕ್ಕಿಗೆ, ಪಕ್ಕದ ಮನೆಯವನು ಇನ್ನೊಂದು ದಿಕ್ಕಿಗೆ ಹೋದರು. ಎಲ್ಲೋ ಬಿದ್ದಿದ್ದಾಳೆ, ಲಾರಿ ಬಂದಿದೆ, ಪಟ್ಟಿ ಬಿಚ್ಚಲು ಬಂದಿಲ್ಲ ಎಂದೆಲ್ಲ ನನ್ನ ತಲೆಯಲ್ಲಿ ಓಡುತ್ತಿತ್ತು. ನಾವು ಯಾಕಾದರೂ ಬಂದೆವೋ ಎನಿಸಿತು. ಅಣ್ಣ ಕಟ್ಟೆಯ ಮೇಲೆ ಕೂತು ಕೋಲಿನ ತುದಿಯಿಂದ ನೆಲದಲ್ಲಿ ಸುತ್ತು ಬರೆಯುತ್ತಿದ್ದ.

ಒಂದು ತಾಸಿನ ಮೇಲೆ ಅವಳು ಬಂದಳು, ಹೋದ ಕಡೆಯಿಂದಲ್ಲ, ಎದುರಿನ ಕಡೆಯಿಂದ. ಮುಖ ಕೆಂಪಾಗಿತ್ತು, ಲಂಗದ ಅಂಚಿಗೆ ಕೆಸರು. ತಾಯಿ ಬೈದರು. ಸೆಲ್ವಿ ನೀರು ಕೇಳಿ ಕುಡಿದು, ಶಾಲೆಯವರೆಗೆ ಹೋಗಿದ್ದೆ ಎಂದಳು. ಅವಳು ಓದಿದ ಶಾಲೆ, ಊರಾಚೆ ಸಮುದ್ರದ ದಾರಿಯಲ್ಲಿದೆಯಂತೆ. ಕಾಲು ಹೋದ ಮೇಲೆ ಆ ಕಡೆ ಹೋಗಿರಲಿಲ್ಲ. ಗೇಟು ಬೇರೆ ಬಣ್ಣವಾಗಿದೆ ಎಂದು ಮಾತ್ರ ಹೇಳಿದಳು. ಆಮೇಲೆ ಅಣ್ಣನ ಮುಂದೆ ನಿಂತು, ಬಲಗಡೆಯ ಬಟ್ಟಲು ಒಂದು ಬೆರಳಿನಷ್ಟು ಕೆಳಗಿರಬೇಕು ಎಂದು ಕೈಯಲ್ಲಿ ತೋರಿಸಿದಳು. ಅಣ್ಣ ಕೂತಲ್ಲಿಂದಲೇ ಬೋಲ್ಟು ಸಡಿಲಿಸಲು ಪಾನಾ ಕೇಳಿದ.

ಮತ್ತೆ ಪಲಾಲಿ

ತಿರುಗಿ ಬರುವ ದಿನ ಬೆಳಿಗ್ಗೆ ಕನಗರತ್ನಂ ನನಗೆ ಬುದ್ಧಿ ಹೇಳಿದ: ಕೌಂಟರಿನಲ್ಲಿ ಸೈಕಲ್ ಎನ್ನಬೇಡಿ, ಕಬ್ಬಿಣದ ಸಾಮಾನು ಎನ್ನಿ. ಆಟೊದವನೂ ಅದನ್ನೇ ಹೇಳಿದ. ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಉತ್ತರ ತಪ್ಪಿದರೂ ಪರವಾಗಿಲ್ಲ, ನಕಲು ಮಾಡಬೇಡಿ ಎಂದು ಹೇಳಿಕೊಂಡು ಬಂದ ಬಾಯಿ ಇದು. ನನ್ನ ಸಾಮಾನಿನ ಹೆಸರನ್ನು ಕದ್ದುಮುಚ್ಚಿ ಹೇಳಬೇಕಾದ್ದು ಯಾಕೆ? ಕೌಂಟರಿನವನು ಕೇಳಿದ. ಸೈಕಲ್ ಎಂದೆ.

ಮತ್ತೆ ಫೀಸು. ಹೋಗುವಾಗ ಕೊಟ್ಟಿದ್ದೇವೆ ಎಂದೆ. ಅದು ಹೋಗುವುದಕ್ಕೆ, ಇದು ಬರುವುದಕ್ಕೆ ಎಂದ. ಇಲ್ಲಿಯ ದರ ಅಲ್ಲಿಗಿಂತ ಹೆಚ್ಚು. ನಾನು ಕೂಗಾಡಿದೆ, ಒಪ್ಪಿಕೊಳ್ಳುತ್ತೇನೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೀವು ಮುರಿದ ಗಾಲಿಯನ್ನು ನಾವು ನೆಟ್ಟಗೆ ಮಾಡಿಸಿ ತಂದರೆ ಅದಕ್ಕೂ ನಿಮಗೇ ಕೊಡಬೇಕೇ ಎಂದೆ. ಅವನು ತಾಳ್ಮೆಯಿಂದ ನಿಯಮದ ಹಾಳೆಯನ್ನು ನನ್ನ ಕಡೆ ತಿರುಗಿಸಿದ. ಗಾಲಿಕುರ್ಚಿಯ ಮಾತು ಇಲ್ಲಿಯೂ ಬಂತು. ಈ ಸಲ ನಾನು ಅದನ್ನು ಅಣ್ಣನಿಗೆ ಅನುವಾದಿಸಲೇ ಇಲ್ಲ. ಬೇಡ ಎಂದು ನಾನೇ ಹೇಳಿದೆ.

ಹಿಂದೆ ತಿರುಗಿ ನೋಡಿದರೆ ಅಣ್ಣ ನೆಲದ ಮೇಲೆ ಕೂತು ಪೆಟ್ಟಿಗೆಯ ಮುಚ್ಚಳ ಬಿಚ್ಚುತ್ತಿದ್ದ. ಎರಡೂ ಗಾಲಿ ತೆಗೆದು ಪಕ್ಕಕ್ಕಿಟ್ಟ.

“ಗಂಗೂ, ಅವ್ನ ಕೇಳು,” ಎಂದ. “ಗಾಲಿ ಇಲ್ಲಂದ್ರ ಇದು ಸೈಕಲ್ಲೇನು?”

ಕೇಳಿದೆ. ಕೌಂಟರಿನವನು ಹಾಳೆ ನೋಡಿದ. ಒಳಗೆ ಹೋಗಿ ಯಾರಿಗೋ ಫೋನು ಮಾಡಿದ. ಬಂದು, ಗಾಲಿಯಿಲ್ಲದಿದ್ದರೆ ಅದು ಬಿಡಿಭಾಗ, ಬಿಡಿಭಾಗಕ್ಕೆ ಫೀಸಿಲ್ಲ ಎಂದ. ಪೆಟ್ಟಿಗೆ ಅದೇ, ಅಳತೆ ಅದೇ ಎಂದೆ. ಹೌದು ಎಂದ. ಅವನ ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ ಕಾಣಬಹುದೆಂದು ನೋಡಿದೆ. ಲೇಬಲ್ ಅಂಟಿಸಿದ, ಅಷ್ಟೆ. ಎರಡು ಗಾಲಿ ನಮ್ಮ ಗದ್ವಾಲಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತವೆ. ಅಣ್ಣ ಮೂವತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ಗಾಲಿ ಬದಲಿಸಿದ್ದನೋ ಅವನಿಗೇ ಲೆಕ್ಕವಿಲ್ಲ.

ಕನಗರತ್ನಂ ಹೊರಗಿನ ಗೇಟಿನಲ್ಲಿ ಇನ್ನೂ ನಿಂತಿರಬಹುದೆಂದು ನಾನು ಎರಡೂ ಗಾಲಿಗಳನ್ನು ಎರಡು ಹೆಗಲಿಗೆ ಹಾಕಿಕೊಂಡು ಓಡಿದೆ. ಬಾಗಿಲಿನ ಕಾವಲಿನವರು ತಡೆದರು, ಹೆಸರು ಬರೆಸಿಕೊಂಡರು, ಬಿಟ್ಟರು. ಅವನು ಇದ್ದ. ಸೆಲ್ವಿಯೂ ಇದ್ದಳು, ಆಟೊದ ಹಿಂದೆ ಸೈಕಲ್ಲಿನಲ್ಲಿ ಬಂದಿದ್ದಳು. ನಾನು ಮೇಲುಸಿರಿನಲ್ಲಿ ನಡೆದದ್ದನ್ನು ಹೇಳಿದೆ. ಕನಗರತ್ನಂ ಗಾಲಿ ಹಿಡಿದುಕೊಂಡ, ಬೇಡವೆನ್ನಲಿಲ್ಲ. ಇಂಥದ್ದೇ ಸೈಕಲ್ಲು ಮಾಡಿಕೊಡಲು ಇನ್ನೊಬ್ಬರು ಕೇಳಿದ್ದಾರೆ ಎಂದ. ಸೆಲ್ವಿ ನನ್ನ ಸೀರೆಗೆ ಹತ್ತಿದ ಗ್ರೀಸನ್ನು ತನ್ನ ಕರವಸ್ತ್ರದಿಂದ ಒರೆಸಿದಳು. ಹೋಗದ ಕಲೆ ಅದು, ಅವಳಿಗೂ ಗೊತ್ತು.

ನಾನು ತಿರುಗಿ ಬರುವಷ್ಟರಲ್ಲಿ ಎಲ್ಲರೂ ವಿಮಾನ ಹತ್ತಿಯಾಗಿತ್ತು. ಬಾಗಿಲಲ್ಲಿ ಅಣ್ಣ ಒಬ್ಬನೇ ಕೋಲೂರಿ ನಿಂತಿದ್ದ. ಅಲ್ಲಿ ವಿಮಾನಕ್ಕೆ ಬಯಲಿನಲ್ಲಿ ನಡೆದೇ ಹೋಗಬೇಕು. ಮಧ್ಯಾಹ್ನದ ಬಿಸಿಲು. ಒಬ್ಬ ಹುಡುಗಿ ಗಾಲಿಕುರ್ಚಿ ತಳ್ಳಿಕೊಂಡು ಬಂದಳು, ತಡವಾಗಿದೆ, ದಯವಿಟ್ಟು ಕೂತುಕೊಳ್ಳಿ ಎಂದಳು. ಅಣ್ಣ “ಬ್ಯಾಡವ್ವ” ಎಂದು ಕೋಲು ಮುಂದಿಟ್ಟ.

ನಾನು ಅವನ ಪಕ್ಕದಲ್ಲಿ ನಡೆದೆ. ಕೋಲು, ಬಲಗಾಲು, ಆಮೇಲೆ ಎಡಗಾಲನ್ನು ಎಳೆದು ಜೊತೆಗೆ ತರುವುದು. ಮತ್ತೆ ಕೋಲು. ಇಷ್ಟು ವರ್ಷದಲ್ಲಿ ಅವನ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಾನು ನಡೆದೇ ಇರಲಿಲ್ಲ. ಯಾವಾಗಲೂ ಎರಡು ಮಾರು ಮುಂದೆ ಹೋಗಿ ನಿಂತು ಕಾಯುತ್ತಿದ್ದೆ, ಕಾಯುತ್ತಿದ್ದೇನೆ ಎಂದು ಅವನಿಗೆ ತಿಳಿಯುವ ಹಾಗೆ. ವಿಮಾನದ ಕಿಟಕಿಗಳಲ್ಲಿ ಮುಖಗಳು ಕಾಣುತ್ತಿದ್ದವು. ಮೆಟ್ಟಿಲ ಮೇಲಿನ ಹೆಂಗಸು ಕೈಗಡಿಯಾರ ನೋಡಿದಳು, ನಮ್ಮನ್ನು ನೋಡಿದಳು. ಹಿಂದೆ ಖಾಲಿ ಕುರ್ಚಿ ಕಿರುಗುಟ್ಟುತ್ತ ಬರುತ್ತಿತ್ತು.

ಅರ್ಧ ದಾರಿಯಲ್ಲಿ ಅಣ್ಣ ನಿಂತು ಉಸಿರು ತೆಗೆದುಕೊಂಡ.

“ಆ ಕುರ್ಚಿಗೆ ಎಣ್ಣಿ ಬಿಡಬೇಕು,” ಎಂದ. “ಹೇಳು ಆಕಿಗೆ.”

ಹೇಳಿದೆ. ಆ ಹುಡುಗಿ ಗಾಲಿ ಬಗ್ಗಿ ನೋಡಿದಳು. ನಾವು ಮುಂದೆ ನಡೆದೆವು. ಮೆಟ್ಟಿಲು ಐದೋ ಆರೋ ಇದ್ದವು. ನಾನು ಕೈ ಚಾಚಲಿಲ್ಲ. ಅವನು ಒಂದೊಂದಾಗಿ ಹತ್ತಿದ, ಒಳಗೆ ಹೋಗಿ ನಮ್ಮ ಸಾಲು ಹುಡುಕಿ, ನನಗೆ ಕಿಟಕಿಯ ಕಡೆ ಬಿಟ್ಟು ಕೂತ, ಕೋಲನ್ನು ಕಾಲಡಿ ಮಲಗಿಸಿದ. ಆಮೇಲೆ ಬಾಗಿಲು ಹಾಕಿದರು.